ಕಾಫಿ ಪಲ್ಪರ್ ರಿಪೇರಿ ಮಾಡುತ್ತಿದ್ದವರು ರಕ್ಷಣಾ ಆರ್ಡರ್ ಹಿಡಿದ ಬಗೆ: ಹಾಸನದ ಒಂದು ವರ್ಕ್‌ಶಾಪ್ ಪ್ರಕರಣ

ರಕ್ಷಣಾ ಟೆಂಡರ್ ಅಂದ ಕೂಡಲೇ ನಮ್ಮ ಕಡೆ ಜನಕ್ಕೆ ನೆನಪಾಗುವುದು ಬಂದೂಕು, ಟ್ಯಾಂಕು, ತೇಜಸ್ ವಿಮಾನ. ಆದರೆ ಸೇನೆ ಮತ್ತು ರಕ್ಷಣಾ ಕಾರ್ಖಾನೆಗಳು ವರ್ಷವಿಡೀ ಕೊಳ್ಳುವ ಸಾಮಾನಿನಲ್ಲಿ ಕಬ್ಬಿಣದ ರ್‍ಯಾಕು, ತಳ್ಳುಗಾಡಿ, ಏಣಿ, ಟಾರ್ಪಾಲು, ಬೇಳೆಕಾಳು ಎಲ್ಲವೂ ಇರುತ್ತವೆ. ಈ ಪ್ರಕರಣ ಆ ಎರಡನೇ ಸಾಲಿನದು. ದೊಡ್ಡ ಕಂಪನಿಯ ಕಥೆ ಅಲ್ಲ.

ನಾನು ಹಾಸನದಲ್ಲಿ ಸಣ್ಣ ಕೈಗಾರಿಕೆಗಳ ಲೆಕ್ಕಪತ್ರ, ಟೆಂಡರ್ ಕಾಗದದ ಕೆಲಸ ನೋಡಿಕೊಳ್ಳುತ್ತೇನೆ. ಈ ವರ್ಕ್‌ಶಾಪ್ ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮಾಲೀಕರನ್ನು ಗೌಡ್ರು ಅಂತ ಕರೆಯುತ್ತೇನೆ. ಹಾಸನದಲ್ಲಿ ಅಷ್ಟು ಹೇಳಿದರೆ ಯಾರು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಕೊಂಡವರ ಹೆಸರನ್ನೂ ಹೇಳುವುದಿಲ್ಲ. ಒಂದು ರಕ್ಷಣಾ ಸಾರ್ವಜನಿಕ ಉದ್ದಿಮೆ ಅಂದರೆ ಸಾಕು.

ಮೊದಲು ಇದ್ದದ್ದು ಏನು

ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್. ಎರಡು ಲೇತು, ಒಂದು ಮಿಲ್ಲಿಂಗ್ ಮಷೀನು, ವೆಲ್ಡಿಂಗ್ ಸೆಟ್ಟುಗಳು, ಜೊತೆಗೆ ಸಾಲ ಮಾಡಿ ತಂದ ಒಂದು ವಿಎಂಸಿ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷೀನು. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ತೋಟಗಳ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ, ಶಾಫ್ಟು, ಬುಷ್ಷು, ಕಣದಲ್ಲಿ ಕಾಫಿ ಸಾಗಿಸುವ ಗಾಡಿಗಳು. ಇದೇ ಅವರ ಹೊಟ್ಟೆಪಾಡು. ಗೌಡ್ರ ಕೈಗೆ ಒಳ್ಳೆ ಹೆಸರಿದೆ. ಅವರು ಮಾಡಿದ ಗಾಡಿ ಹತ್ತು ವರ್ಷ ಮಳೆಯಲ್ಲಿ ನಿಂತರೂ ಅಲುಗುವುದಿಲ್ಲ ಅಂತ ತೋಟದವರೇ ಹೇಳುತ್ತಾರೆ.

ತೊಂದರೆ ಇದ್ದದ್ದು ಸೀಸನ್ನಿನಲ್ಲಿ. ಕೊಯ್ಲಿಗೆ ಮುಂಚೆ, ಅಂದರೆ ಸೆಪ್ಟೆಂಬರ್‌ನಿಂದ ರಿಪೇರಿ ಶುರುವಾದರೆ ಫೆಬ್ರವರಿವರೆಗೆ ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ಸುಮ್ನೆ. ಮಷೀನು ನಿಂತಿರುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಅವರ ಮಗಳು ಮೆಕ್ಯಾನಿಕಲ್ ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ವಾಪಸ್ ಬಂದವಳು. ಯಲಹಂಕದ ಏರೋ ಇಂಡಿಯಾ ನೋಡಿದ್ದಳು. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದದ್ದು ಅವಳ ತಲೆಯಲ್ಲಿ ಕೂತಿತ್ತು. "ಅಪ್ಪಾಜಿ, ಇಷ್ಟು ಹತ್ರ ಬಂದವ್ರೆ, ನಾವ್ಯಾಕೆ ಸಪ್ಲೈ ಮಾಡಬಾರದು?" ಅಂದಳು. ಗೌಡ್ರು, "ಅವ್ರಿಗೆ ನಾವು ಯಾವ ಲೆಕ್ಕ ಕಣಮ್ಮ" ಅಂದರೂ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿದರು, ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್‌ನಲ್ಲಿ ಖಾತೆ ತೆರೆದರು.

ಸೋತ ಬಗೆ, ಗೆದ್ದು ಸೋತ ಬಗೆ

ಮೊದಲ ಬಿಡ್ ವಿಮಾನಕ್ಕೆ ಹೋಗುವ ಒಂದು ಅಲ್ಯೂಮಿನಿಯಂ ಭಾಗಕ್ಕೆ. ಡ್ರಾಯಿಂಗ್ ನೋಡಿ, ಇದು ವಿಎಂಸಿಯಲ್ಲಿ ಆರಾಮಾಗಿ ಆಗುತ್ತದೆ ಅಂದುಕೊಂಡರು. ಆಗುತ್ತಿತ್ತು ಕೂಡ. ಆದರೆ ತಾಂತ್ರಿಕ ಹಂತದಲ್ಲೇ ಬಿದ್ದುಹೋಯಿತು. ಹಾರುವ ಭಾಗ ಅಂದ ಮೇಲೆ ಲೋಹದ ಮೂಲದಿಂದ ಹಿಡಿದು ಶಾಖ ಸಂಸ್ಕರಣೆವರೆಗೆ ಪ್ರತಿ ಹೆಜ್ಜೆಗೂ ದಾಖಲೆ ಬೇಕು, ವೈಮಾನಿಕ ಗುಣಮಟ್ಟದ ಎಎಸ್ 9100 ಪ್ರಮಾಣಪತ್ರ ಬೇಕು. ಇವರ ಹತ್ತಿರ ಅದು ಯಾವುದೂ ಇರಲಿಲ್ಲ.

ಜೊತೆಗೆ ಇನ್ನೊಂದು ಗೊಂದಲ. ಸಣ್ಣ ಘಟಕಗಳಿಗೆ ಹಿಂದಿನ ಅನುಭವ, ವಹಿವಾಟಿನ ಷರತ್ತಿನಿಂದ ವಿನಾಯಿತಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದು ತಾನಾಗಿ ಸಿಗುವುದಲ್ಲ. ಕೊಳ್ಳುವವರು ಆ ಬಿಡ್‌ನಲ್ಲಿ ವಿನಾಯಿತಿ ಕೊಟ್ಟಿರಬೇಕು. ಜೆಮ್‌ನ ಬಿಡ್ ದಾಖಲೆಯಲ್ಲಿ ಅದಕ್ಕೆ ಅಂತಲೇ ಒಂದು ಸಾಲು ಇರುತ್ತದೆ, ಹೌದು ಅಥವಾ ಇಲ್ಲ ಅಂತ. ಇವರು ಬಿಡ್ ಹಾಕಿದ್ದರಲ್ಲಿ "ಇಲ್ಲ" ಅಂತ ಇತ್ತು. ಯಾರೂ ಓದಿರಲಿಲ್ಲ.

ಎರಡನೆಯದು ಉಗ್ರಾಣದ ಕಬ್ಬಿಣದ ರ್‍ಯಾಕುಗಳು. ಅದರಲ್ಲಿ ರಿವರ್ಸ್ ಆಕ್ಷನ್ ಇತ್ತು. ಅಂದರೆ ಎಲ್ಲರೂ ಪರದೆ ಮುಂದೆ ಕೂತು ರೇಟು ಇಳಿಸುತ್ತಾ ಹೋಗಬೇಕು. ಗೌಡ್ರಿಗೆ ಹಠ ಬಂತು. ಮಗಳು ಬೇಡ ಅಂದರೂ ಇಳಿಸಿದರು, ಇಳಿಸಿದರು, ಕೊನೆಗೆ ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ರೇಟಿನವರು ಆದರು. ಅವತ್ತು ಶೆಡ್ಡಿನಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದೂ ಆಯಿತು.

ಆ ಆರ್ಡರ್ ಇವರನ್ನು ಮುಳುಗಿಸುವ ಮಟ್ಟಕ್ಕೆ ತಂದಿತು. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೊಸಬರು ಬೀಳುವುದೇ ಇಲ್ಲಿ.

ಗೌಡ್ರು ಲೆಕ್ಕ ಹಾಕಿದ್ದು ಕೆಜಿ ರೇಟಿನಲ್ಲಿ. ತೋಟದವರಿಗೆ ಗೇಟು, ಗಾಡಿ ಮಾಡಿಕೊಡುವಾಗ ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು: ಕಬ್ಬಿಣದ ಬೆಲೆ, ಅದರ ಮೇಲೆ ಕೆಜಿಗೆ ಇಷ್ಟು ಮಜೂರಿ, ಮುಗಿಯಿತು. ಸರ್ಕಾರಿ ಆರ್ಡರ್‌ಗೆ ಆ ಲೆಕ್ಕ ಸಾಲುವುದಿಲ್ಲ. ಕಚ್ಚಾಮಾಲಿನ ಟೆಸ್ಟ್ ಸರ್ಟಿಫಿಕೇಟು ಬೇಕು, ಆದ್ದರಿಂದ ಗುಜರಿ ಅಂಗಡಿಯ ಪಕ್ಕದಲ್ಲಿ ಸಿಗುವ ಅಗ್ಗದ ಸೆಕ್ಷನ್ ನಡೆಯುವುದಿಲ್ಲ. ಸಾಗಣೆಗೆ ಮುಂಚೆ ತಪಾಸಣೆ ಇರುತ್ತದೆ. ಮಾಲು ತಲುಪಬೇಕಿದ್ದದ್ದು ಉತ್ತರ ಭಾರತದ ಒಂದು ಡಿಪೊಗೆ, ಲಾರಿ ಬಾಡಿಗೆ ಮಾರಾಟಗಾರರದ್ದೇ. ಠೇವಣಿ ವಿಷಯದಲ್ಲೂ ಅರ್ಧ ತಿಳಿದುಕೊಂಡಿದ್ದರು. ಬಿಡ್ ಹಾಕುವಾಗ ಇಡುವ ಇಎಂಡಿ ಠೇವಣಿಯಿಂದ ಸಣ್ಣ ಘಟಕಗಳಿಗೆ ವಿನಾಯಿತಿ ಇದೆ, ನಿಜ. ಆದರೆ ಆರ್ಡರ್ ಸಿಕ್ಕ ಮೇಲೆ ಕೊಡಬೇಕಾದ ಪರ್ಫಾರ್ಮೆನ್ಸ್ ಸೆಕ್ಯುರಿಟಿಗೆ (ಕೆಲಸ ಮುಗಿಸುತ್ತೇವೆ ಅನ್ನುವ ಭರವಸೆಯ ಠೇವಣಿಗೆ) ಅದು ಅನ್ವಯಿಸುವುದಿಲ್ಲ. ಅದಕ್ಕೆ ಬ್ಯಾಂಕ್ ಗ್ಯಾರಂಟಿ ಬೇಕು, ಬ್ಯಾಂಕಿನವರು ಅದಕ್ಕೆ ಎಫ್‌ಡಿ ಇಡಿ ಅಂದರು. ಕಬ್ಬಿಣ ಕೊಳ್ಳಲು ಇಟ್ಟಿದ್ದ ದುಡ್ಡು ಅಲ್ಲಿ ಕೂತಿತು.

ತಪಾಸಣೆಗೆ ಬಂದ ಅಧಿಕಾರಿ ಮೊದಲು ಕೇಳಿದ್ದು ರ್‍ಯಾಕನ್ನಲ್ಲ. "ನಿಮ್ಮ ವರ್ನಿಯರ್ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ತೋರಿಸಿ" ಅಂದರು. ಇರಲಿಲ್ಲ. ಅಳತೆ ಮಾಡುವ ಸಾಧನವೇ ಸರಿ ಇದೆ ಅಂತ ಪುರಾವೆ ಇಲ್ಲದಿದ್ದರೆ ಅಳತೆಗೆ ಬೆಲೆ ಎಲ್ಲಿ? ತಪಾಸಣೆ ಮುಂದಕ್ಕೆ ಹೋಯಿತು. ವಾರಕ್ಕೆ ಅರ್ಧ ಶೇಕಡಾ ಲೆಕ್ಕದಲ್ಲಿ ತಡದ ದಂಡ ಬಿತ್ತು. ಆರ್ಡರ್ ಮುಗಿದಾಗ ಕೈಯಿಂದ ದುಡ್ಡು ಹೋಗಿತ್ತು, ಜೊತೆಗೆ ತೋಟದ ಎರಡು ಹಳೇ ಗಿರಾಕಿಗಳು ಬೇರೆ ಕಡೆ ಹೋಗಿದ್ದರು. ರ್‍ಯಾಕಿನ ಕೆಲಸ ಸರಿಯಾಗಿ ಪಲ್ಪರ್ ಸೀಸನ್ನಿಗೇ ಬಂದು ಕೂತಿತ್ತು.

ಇದೇ ಹೊತ್ತಿಗೆ ಬೆಂಗಳೂರಿನ ಒಬ್ಬ ಆಸಾಮಿ ಫೋನ್ ಮಾಡಿ, "ಒಳಗಡೆ ನಮ್ಮವರಿದ್ದಾರೆ, ಇಷ್ಟು ಪರ್ಸೆಂಟ್ ಕೊಡಿ, ಆರ್ಡರ್ ನಾನು ತರುತ್ತೇನೆ" ಅಂದ. ಸೋತು ಕೂತವರ ವಾಸನೆ ಇಂಥವರಿಗೆ ಬೇಗ ಹತ್ತುತ್ತದೆ. ಗೌಡ್ರಿಗೆ ಒಂದು ಗಳಿಗೆ ಆಸೆ ಆಗಿದ್ದು ನಿಜ. ಮಗಳು ಫೋನ್ ಕಸಿದುಕೊಂಡು ಇಟ್ಟಳು. ಸಿಕ್ಕಿಬಿದ್ದರೆ ಸರ್ಕಾರಿ ಖರೀದಿಯಿಂದಲೇ ಹೊರಗೆ ಹಾಕುತ್ತಾರೆ. ಇಂಥವನಿಗೆ ಕೊಟ್ಟ ದುಡ್ಡಿಗೆ ರಸೀದಿಯಂತೂ ಇರುವುದಿಲ್ಲ.

ಬಿಡ್ ಹಾಕುವುದನ್ನೇ ನಿಲ್ಲಿಸಿದರು

ಸುಮಾರು ಒಂದು ವರ್ಷ ಇವರು ಒಂದೂ ಬಿಡ್ ಹಾಕಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಒಳ್ಳೆ ನಿರ್ಧಾರ ಇದೇ. ಹೊರಗಿನವರಿಗೆ ಸೋತು ಕೈಬಿಟ್ಟರು ಅಂತ ಕಂಡಿತು.

ಆ ಸಮಯದಲ್ಲಿ ಮಗಳು ಮಾಡಿದ್ದು ಒಂದೇ ಕೆಲಸ: ಹಳೇ ಟೆಂಡರ್ ಓದುವುದು. ಜೆಮ್‌ನಲ್ಲಿ ಬಿಡ್ ತೆರೆದ ಮೇಲೆ ಯಾರು ಎಷ್ಟಕ್ಕೆ ಹಾಕಿದ್ದರು ಅನ್ನುವುದು ಯಾರಿಗೆ ಬೇಕಾದರೂ ಕಾಣುತ್ತದೆ. ಕೇಂದ್ರದ ಟೆಂಡರ್ ಪೋರ್ಟಲ್‌ನಲ್ಲೂ ಆರ್ಡರ್ ಯಾರಿಗೆ ಹೋಯಿತು ಅನ್ನುವ ವಿವರ ಹಾಕುತ್ತಾರೆ. ಅವಳು ಒಂದು ನೋಟ್‌ಬುಕ್ ಇಟ್ಟುಕೊಂಡು ಸಾಮಾನು, ಪ್ರಮಾಣ, ಗೆದ್ದ ರೇಟು, ಎರಡನೆಯವರ ರೇಟು, ಮಾಲು ತಲುಪಬೇಕಾದ ಊರು, ಡೆಲಿವರಿ ತಿಂಗಳು ಎಲ್ಲಾ ಬರೆಯುತ್ತಾ ಹೋದಳು. ಆಗಿನ ಕಬ್ಬಿಣದ ಬೆಲೆಯನ್ನೂ ಪಕ್ಕದಲ್ಲಿ ಬರೆದಳು. ಇದು ಮುಖ್ಯ, ಇಲ್ಲದಿದ್ದರೆ ಹಳೇ ರೇಟಿಗೆ ಅರ್ಥವೇ ಇಲ್ಲ.

ಬರೆಯುತ್ತಾ ಬರೆಯುತ್ತಾ ಒಂದು ಸಂಗತಿ ಕಂಡಿತು. ರ್‍ಯಾಕು, ಅಲ್ಮೇರಾ, ಮೇಜು ಇಂಥದ್ದಕ್ಕೆ ದೇಶದ ಎಲ್ಲಾ ಕಡೆಯಿಂದ ಜನ ಬೀಳುತ್ತಾರೆ, ರೇಟು ನೆಲ ಕಚ್ಚುತ್ತದೆ. ಹಾರುವ ಭಾಗಗಳಿಗೆ ಪ್ರಮಾಣಪತ್ರದ ಬೇಲಿ. ಇವೆರಡರ ಮಧ್ಯೆ ಒಂದು ಜಾಗ ಇದೆ: ಹ್ಯಾಂಗರ್ ಒಳಗೆ, ಜೋಡಣೆ ಶೆಡ್ಡಿನಲ್ಲಿ ಬಳಸುವ ಸಾಮಾನು. ಭಾಗಗಳನ್ನು ಇಡುವ ಸ್ಟ್ಯಾಂಡು, ಟ್ರೆಸಲ್ಲು, ಎಂಜಿನ್ ಸಾಗಿಸುವ ಟ್ರಾಲಿ, ಕೆಲಸಗಾರರು ಹತ್ತಿ ನಿಲ್ಲುವ ಪ್ಲಾಟ್‌ಫಾರ್ಮು. ಇವು ಹಾರುವುದಿಲ್ಲ, ಆದ್ದರಿಂದ ಕಾಗದ ಕಡಿಮೆ. ಆದರೆ ಡ್ರಾಯಿಂಗ್ ಪ್ರಕಾರ ಮಾಡಬೇಕು, ಭಾರ ಹಾಕಿ ಪರೀಕ್ಷೆ ಕೊಡಬೇಕು, ಆದ್ದರಿಂದ ಬರೀ ವೆಲ್ಡಿಂಗ್ ಅಂಗಡಿಯವರು ಬರುವುದಿಲ್ಲ. ಪ್ರಮಾಣ ಸಣ್ಣದು, ಆದ್ದರಿಂದ ದೊಡ್ಡ ಕಂಪನಿಗೂ ಆಸಕ್ತಿ ಇಲ್ಲ.

ಗೌಡ್ರಿಗೆ ತೋರಿಸಿದಾಗ ಅವರು ಡ್ರಾಯಿಂಗ್ ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ ಕಣದ್ ಗಾಡಿನೇ ಅಲ್ವಾ, ಚಕ್ರ ಒಂದು ಚೆನ್ನಾಗಿರೋದು ಹಾಕಿದ್ರೆ ಆಯ್ತು" ಅಂದರು. ಪೂರ್ತಿ ನಿಜ ಅಲ್ಲ, ಆದರೆ ಅರ್ಧಕ್ಕಿಂತ ಜಾಸ್ತಿ ನಿಜ.

ರಕ್ಷಣಾ ಸಚಿವಾಲಯದ ಸೃಜನ್ ಪೋರ್ಟಲನ್ನೂ ನೋಡಿದರು. 2020ರ ಆಗಸ್ಟ್‌ನಲ್ಲಿ ಶುರುವಾದದ್ದು. ಹೊರದೇಶದಿಂದ ತರಿಸುತ್ತಿದ್ದ ಸಾಮಾನುಗಳನ್ನು ಇಲ್ಲೇ ಯಾರು ಮಾಡಿಕೊಡುತ್ತೀರಿ ಅಂತ ಅಲ್ಲಿ ಹಾಕುತ್ತಾರೆ. ಆಕರ್ಷಣೆ ಜೋರಾಗಿದೆ. ಆದರೆ ಆಸಕ್ತಿ ತೋರಿಸಿದ ಮಾತ್ರಕ್ಕೆ ಆರ್ಡರ್ ಖಾತ್ರಿ ಇಲ್ಲ, ಮಾದರಿ ತಯಾರಿಸುವ ಖರ್ಚು ಮೊದಲು ನಮ್ಮದೇ. ಎರಡು ಲೇತಿನ ಅಂಗಡಿಗೆ ಇದು ಈಗಲೇ ಬೇಡ ಅಂತ ಪಕ್ಕಕ್ಕಿಟ್ಟರು. ನನಗೂ ಅದೇ ಸರಿ ಅನ್ನಿಸಿತು.

ಬಿಡ್ ನಿಂತಿದ್ದರೂ ಕೆಲಸ ನಿಂತಿರಲಿಲ್ಲ. ಪೀಣ್ಯದ ಒಬ್ಬ ದೊಡ್ಡ ಸರಬರಾಜುದಾರರ ಕೈಕೆಳಗೆ ಉಪಗುತ್ತಿಗೆ ಹಿಡಿದರು. ರೇಟು ಸಾಧಾರಣ. ಆದರೆ ತಪಾಸಣೆ ವರದಿ ಹೇಗೆ ಬರೆಯಬೇಕು, ವೆಲ್ಡರ್‌ಗಳಿಗೆ ಅರ್ಹತಾ ಪರೀಕ್ಷೆ ಹೇಗೆ ಮಾಡಿಸಬೇಕು, ಒಂದೊಂದು ಪ್ಲೇಟಿಗೂ ಹೀಟ್ ನಂಬರ್ (ಲೋಹ ಯಾವ ಎರಕದ್ದು ಅಂತ ತಿಳಿಸುವ ಸಂಖ್ಯೆ) ಹಿಡಿದು ದಾಖಲೆ ಹೇಗೆ ಇಡಬೇಕು ಅನ್ನುವುದು ಅಲ್ಲಿ ಬೇರೆಯವರ ಖರ್ಚಿನಲ್ಲಿ ಕಲಿತರು. ಗುಣಮಟ್ಟ ನಿರ್ವಹಣೆಯ ಐಎಸ್‌ಒ 9001 ಪ್ರಮಾಣಪತ್ರ ಮಾಡಿಸಿದರು. ಅಳತೆ ಸಾಧನಗಳನ್ನೆಲ್ಲ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿದರು. ಹಾಸನದಿಂದ ಬೆಂಗಳೂರಿಗೆ ಕುಣಿಗಲ್ ಮೇಲಿನ ರೈಲು 2017ರಿಂದ ಇರುವುದು ಇಂಥ ಓಡಾಟಕ್ಕೆ ದೊಡ್ಡ ಅನುಕೂಲ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಒಂದು ಪ್ರಶ್ನೆ

ಆಮೇಲೆ ಒಂದು ಟೆಂಡರ್ ಬಂತು. ಭಾರದ ಭಾಗಗಳನ್ನು ಇಡುವ ಟ್ರೆಸಲ್ಲುಗಳು ಮತ್ತು ಟ್ರಾಲಿಗಳು. ತಲುಪಿಸಬೇಕಾದದ್ದು ಕರ್ನಾಟಕದೊಳಗೇ. ಅನುಭವದ ಸಾಲಿನಲ್ಲಿ ಸಣ್ಣ ಘಟಕಗಳಿಗೆ ವಿನಾಯಿತಿ "ಹೌದು". ಬಿಡ್ ಕೊನೆ ದಿನ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ. ನೋಟ್‌ಬುಕ್ಕಿನ ಪ್ರಕಾರ ಎಲ್ಲಾ ಸರಿ ಇತ್ತು, ಒಂದು ಬಿಟ್ಟು.

ಸರಬರಾಜುದಾರರು ವಿವರವಾದ ಡ್ರಾಯಿಂಗ್ ಮಾಡಿ ಒಪ್ಪಿಗೆ ಪಡೆಯಬೇಕು ಅಂತ ಷರತ್ತು. ಡೆಲಿವರಿ ಅವಧಿ ಮಾತ್ರ ಆರ್ಡರ್ ದಿನದಿಂದ ಎಣಿಕೆ. ಅಂದರೆ ಡ್ರಾಯಿಂಗ್ ಅವರ ಮೇಜಿನ ಮೇಲೆ ಎಷ್ಟು ದಿನ ಕೂತರೂ ನಮ್ಮ ಗಡಿಯಾರ ಓಡುತ್ತಿರುತ್ತದೆ, ದಂಡ ನಮಗೆ.

ಇಂಥ ಕಡೆ ಜನ ಎರಡು ಥರ ಮಾಡುತ್ತಾರೆ. ಕೆಲವರು ಬಿಟ್ಟುಬಿಡುತ್ತಾರೆ. ಕೆಲವರು "ನೋಡ್ಕೊಳ್ಳಣ ಬುಡು" ಅಂತ ಹಾಕಿ ಆಮೇಲೆ ಅಳುತ್ತಾರೆ. ಮಗಳು ಪ್ರೀ-ಬಿಡ್ ಸಭೆಗೆ ಮುಂಚೆ ಲಿಖಿತವಾಗಿ ಒಂದೇ ಪ್ರಶ್ನೆ ಕಳಿಸಿದಳು: ಡೆಲಿವರಿ ಅವಧಿಯನ್ನು ಡ್ರಾಯಿಂಗ್ ಒಪ್ಪಿಗೆಯ ದಿನದಿಂದ ಲೆಕ್ಕ ಹಾಕಬಹುದೇ? ಸಭೆಯಲ್ಲಿ ಬೇರೆಯವರೂ ಅದಕ್ಕೆ ದನಿಗೂಡಿಸಿದರು. ಕೊಳ್ಳುವವರು ತಿದ್ದುಪಡಿ ಹೊರಡಿಸಿದರು. ಬಾಯಿಮಾತಿನಲ್ಲಿ ಕೇಳಿದ್ದರೆ ಬಾಯಿಮಾತಿನ ಉತ್ತರ ಸಿಗುತ್ತಿತ್ತು, ಅದನ್ನು ಆಮೇಲೆ ಯಾರ ಮುಂದೆ ಇಟ್ಟರೂ ನಡೆಯುವುದಿಲ್ಲ.

ರೇಟು ಹಾಕುವಾಗ ಗೌಡ್ರನ್ನು ಕಂಪ್ಯೂಟರ್ ಹತ್ತಿರ ಬಿಡಲಿಲ್ಲ. ಇದು ತಮಾಷೆಗೆ ಹೇಳುತ್ತಿಲ್ಲ. ಇದಕ್ಕಿಂತ ಕೆಳಗೆ ಹೋಗಬಾರದು ಅನ್ನುವ ರೇಟನ್ನು ಮೊದಲೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದರು.

ಮ್ಯಾಚ್ ಮಾಡುವುದಾ ಬೇಡವಾ

ಫಲಿತಾಂಶ ಬಂದಾಗ ಇವರು ಎಲ್1 ಅಲ್ಲ. ಲೆಕ್ಕಕ್ಕೆ ಎಲ್1 ರೇಟು 100 ಅಂತ ಇಟ್ಟುಕೊಂಡರೆ ಇವರದು 109. ಮೊದಲ ಸ್ಥಾನದಲ್ಲಿ ಇದ್ದದ್ದು ಒಂದು ದೊಡ್ಡ ಕಂಪನಿ.

ಇಲ್ಲಿ 2012ರ ಸಾರ್ವಜನಿಕ ಖರೀದಿ ನೀತಿ ಕೆಲಸಕ್ಕೆ ಬಂತು. ಎಲ್1 ಆದವರು ಸಣ್ಣ ಘಟಕ ಅಲ್ಲದಿದ್ದರೆ, ಅವರ ರೇಟಿಗಿಂತ 15% ಒಳಗೆ ಇರುವ ಅತಿಸಣ್ಣ ಅಥವಾ ಸಣ್ಣ ಘಟಕಕ್ಕೆ, ಎಲ್1 ರೇಟಿಗೆ ಇಳಿಯುವುದಾದರೆ, ಆರ್ಡರ್‌ನ 25%ವರೆಗೆ ಕೊಡುವ ಅವಕಾಶ ಇದೆ. ಸ್ವತಃ ತಯಾರಿಸುವವರಿಗೆ ಮಾತ್ರ, ಕೊಂಡು ಮಾರುವವರಿಗೆ ಇಲ್ಲ. ಎಲ್1 ಕೂಡ ಸಣ್ಣ ಘಟಕವೇ ಆಗಿದ್ದರೆ ಈ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಮಗಳು ದೊಡ್ಡವರು ಬರುವ ಸಾಧ್ಯತೆ ಇರುವ ಟೆಂಡರನ್ನೇ ಬೇಕಂತ ಆರಿಸಿದ್ದಳು. ಸಾಮಾನ್ಯವಾಗಿ ಜನ ದೊಡ್ಡವರನ್ನು ಕಂಡರೆ ಓಡುತ್ತಾರೆ, ಅಲ್ವಾ?

ಪತ್ರ ಬಂತು: 100ಕ್ಕೆ ಇಳಿಯುತ್ತೀರಾ? ಮನೆಯಲ್ಲಿ ಜಗಳ. ಗೌಡ್ರು ಖಡಾಖಂಡಿತ ಬೇಡ ಅಂದರು. ಒಂದು ಸಲ ಕೈ ಸುಟ್ಟುಕೊಂಡವರು, ಅವರನ್ನು ತಪ್ಪು ಅನ್ನಲಾಗದು. 109ರಲ್ಲೇ ಲಾಭ ತೆಳ್ಳಗಿತ್ತು.

ಮೂವರೂ ಕೂತು ಲೆಕ್ಕವನ್ನು ಬೇರೆ ಥರ ಹಾಕಿದೆವು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ವಿಎಂಸಿ ಹೇಗೂ ನಿಂತಿರುತ್ತದೆ, ಕಂತು ಹೇಗೂ ಕಟ್ಟುತ್ತೇವೆ, ಹುಡುಗರಿಗೆ ಸಂಬಳ ಹೇಗೂ ಕೊಡುತ್ತೇವೆ. ಅವನ್ನು ಪಕ್ಕಕ್ಕಿಟ್ಟು, ಈ ಆರ್ಡರ್ ಹಿಡಿದರೆ ಹೊಸದಾಗಿ ಕೈಯಿಂದ ಹೋಗುವುದು ಎಷ್ಟು ಅಂತ ಮಾತ್ರ ನೋಡಿದೆವು. ಆ ಲೆಕ್ಕದಲ್ಲಿ 100 ಸಾಕಾಗುತ್ತಿತ್ತು, ಸ್ವಲ್ಪ ಉಳಿಯುತ್ತಲೂ ಇತ್ತು. ಪ್ರಮಾಣ ಕಾಲು ಭಾಗ ಮಾತ್ರ, ಆದ್ದರಿಂದ ಗ್ಯಾರಂಟಿ ಮೊತ್ತವೂ ಚಿಕ್ಕದು. ಮೇಲಾಗಿ ನೇರವಾಗಿ ತಮ್ಮದೇ ಹೆಸರಿನಲ್ಲಿ ಒಂದು ಆರ್ಡರ್ ಮುಗಿಸಿದ ದಾಖಲೆ ಸಿಗುತ್ತದೆ. "ಇದೇ ಪತ್ರ ಅಕ್ಟೋಬರ್‌ನಲ್ಲಿ ಬಂದಿದ್ರೆ ನಾನೂ ಬೇಡ ಅಂತಿದ್ದೆ ಅಪ್ಪಾಜಿ" ಅಂದಳು. ಆ ಮಾತಿಗೆ ಗೌಡ್ರು ಒಪ್ಪಿದರು.

ಆದದ್ದು

ಅಂದುಕೊಂಡ ಹಾಗೇ ಡ್ರಾಯಿಂಗ್ ಒಪ್ಪಿಗೆ ಎಳೆಯಿತು. ತಿದ್ದುಪಡಿ ಇಲ್ಲದಿದ್ದರೆ ಲಾಭವೆಲ್ಲ ಅಲ್ಲೇ ದಂಡಕ್ಕೆ ಹೋಗುತ್ತಿತ್ತು. ಅಂದುಕೊಳ್ಳದೇ ಇದ್ದದ್ದು ಮಳೆ. ತಡವಾದ್ದರಿಂದ ಪೇಂಟ್ ಕೆಲಸ ಜುಲೈಗೆ ಬಂದು ನಿಂತಿತು. ಆಗ ನಮ್ಮ ಕಡೆ ಗಾಳಿಯಲ್ಲೇ ನೀರಿರುತ್ತದೆ. ಮೊದಲ ಕಂತಿನ ಟ್ರಾಲಿಗಳಲ್ಲಿ ಪೇಂಟ್ ಗುಳ್ಳೆ ಎದ್ದಿತು. ಸರ್ಕಾರಿ ಆರ್ಡರ್‌ನಲ್ಲಿ ಬಣ್ಣ ಅಂದರೆ ಹಸಿರು ಅಂತ ಇರುವುದಿಲ್ಲ. ಬಣ್ಣಗಳ ಭಾರತೀಯ ಮಾನದಂಡವಾದ ಐಎಸ್ 5 ಪ್ರಕಾರ ಶೇಡ್ ನಂಬರ್ ಇರುತ್ತದೆ, ಪದರದ ದಪ್ಪ ಎಷ್ಟು ಮೈಕ್ರಾನ್ ಅಂತ ಇರುತ್ತದೆ. ಎಲ್ಲಾ ಕೆರೆದು, ಶೆಡ್ಡಿನ ಒಂದು ಮೂಲೆಯನ್ನು ಟಾರ್ಪಾಲಿನಿಂದ ಮುಚ್ಚಿ, ಬಿಸಿಗಾಳಿ ಬ್ಲೋವರ್ ಇಟ್ಟು ಮತ್ತೆ ಬಳಿದರು. ತಪಾಸಣೆಯವರು ಬರುವ ಮುಂಚೆಯೇ ಇವರೇ ದಪ್ಪ ಅಳೆದು ವರದಿ ಬರೆದಿಟ್ಟಿದ್ದರು. ಭಾರ ಪರೀಕ್ಷೆ ಒಂದೇ ಸಲಕ್ಕೆ ಪಾಸಾಯಿತು. ಅದರಲ್ಲಿ ಗೌಡ್ರ ಕೈ ಕಾಣುತ್ತದೆ.

ದುಡ್ಡು ಬರುವುದರ ಬಗ್ಗೆ ಎರಡು ಮಾತು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಗಳಿಗೆ 45 ದಿನದೊಳಗೆ ಪಾವತಿ ಆಗಬೇಕು. ಆದರೆ ಆ ಎಣಿಕೆ ಮಾಲು ಸ್ವೀಕಾರ ಆದ ಮೇಲಿನದು. ಉಗ್ರಾಣದಲ್ಲಿ ಏನಾದರೂ ಆಕ್ಷೇಪ ಎತ್ತಿದರೆ ಮತ್ತೆ ಕಾಯಬೇಕು. ಇವರು ಬಿಲ್ಲನ್ನು ಟ್ರೆಡ್ಸ್ ವೇದಿಕೆಗೆ ಹಾಕಿದರು. ಕೊಂಡವರು ಅಲ್ಲಿ ಬಿಲ್ ಒಪ್ಪಿದರೆ ಬ್ಯಾಂಕುಗಳು ಸ್ವಲ್ಪ ಕಡಿತ ಮಾಡಿಕೊಂಡು ಮೊದಲೇ ದುಡ್ಡು ಕೊಡುತ್ತವೆ. ಆ ಕಡಿತವನ್ನು ರೇಟಿನಲ್ಲೇ ಸೇರಿಸಿದ್ದರು, ಆದ್ದರಿಂದ ಹೊಟ್ಟೆ ಉರಿಯಲಿಲ್ಲ. ರ್‍ಯಾಕಿನ ಆರ್ಡರ್‌ನಲ್ಲಿ ಕೈಗಡ ಮಾಡಿ ಸಂಬಳ ಕೊಟ್ಟಿದ್ದರು, ಈ ಸಲ ಅದು ಬೇಕಾಗಲಿಲ್ಲ.

ಲಾಭ ಎಷ್ಟು ಅಂತ ಕೇಳಿದರೆ, ಜಾಸ್ತಿ ಏನಿಲ್ಲ. ಆ ಆರು ತಿಂಗಳ ಕಂತು ಮತ್ತು ಸಂಬಳವನ್ನು ಮಷೀನೇ ದುಡಿದು ಕೊಟ್ಟಿತು. ಗೌಡ್ರಿಗೆ ಅಷ್ಟೇ ಬೇಕಿತ್ತು.

ಈ ಪ್ರಕರಣ ನೋಡಿ "ನಾವೂ ಟ್ರಾಲಿ ಮಾಡೋಣ" ಅಂತ ಹೊರಡಬೇಡಿ. ನಿಮ್ಮ ಅಂಗಡಿಯ ಖಾಲಿ ತಿಂಗಳು ಯಾವುದು, ನಿಮ್ಮ ಕೈಗೆ ಈಗಾಗಲೇ ಬರುವ ಕೆಲಸ ಯಾವುದು ಅನ್ನುವುದು ಬೇರೆ ಇರುತ್ತದೆ. ಚಿಕ್ಕಮಗಳೂರಿನಲ್ಲಿ ಮಸಾಲೆ ಪ್ಯಾಕ್ ಮಾಡುವ ನನ್ನ ಇನ್ನೊಬ್ಬ ಗಿರಾಕಿಗೆ ಇದೇ ನೋಟ್‌ಬುಕ್ ಕೆಲಸ ಹೇಳಿದೆ. ಅವರು ಲೆಕ್ಕ ಹಾಕಿ ನೋಡಿ, ತಮಗೆ ರಕ್ಷಣಾ ಟೆಂಡರೇ ಬೇಡ ಅಂತ ತೀರ್ಮಾನಿಸಿದರು. ಅದೂ ಸರಿಯಾದ ಉತ್ತರವೇ.

ಹೋದ ಸೆಪ್ಟೆಂಬರ್‌ನಲ್ಲಿ ಇದೇ ಥರದ್ದು, ಇದಕ್ಕಿಂತ ದೊಡ್ಡ ಟೆಂಡರ್ ಬಂತು. ಡೆಲಿವರಿ ಡಿಸೆಂಬರ್‌ಗೆ. ಪೀಣ್ಯದವರು ಫೋನ್ ಮಾಡಿ, ನೀವು ಹಾಕುವುದಿಲ್ಲವಾ ಅಂತ ಆಶ್ಚರ್ಯಪಟ್ಟರು. ಗೌಡ್ರು ಪಲ್ಪರ್ ಬಿಚ್ಚುತ್ತಾ ಕೂತಿದ್ದರು, ಹಾಕಲಿಲ್ಲ. ಮಗಳು ಗೆದ್ದವರ ರೇಟನ್ನೂ ಆ ವಾರದ ಕಬ್ಬಿಣದ ಬೆಲೆಯನ್ನೂ ನೋಟ್‌ಬುಕ್ಕಿಗೆ ಬರೆದುಕೊಂಡಳು. ಈಗ ಅವಳು ಆ ಉದ್ದಿಮೆಯಲ್ಲಿ ನೋಂದಾಯಿತ ಸರಬರಾಜುದಾರರಾಗಲು ಅರ್ಜಿ ತಯಾರು ಮಾಡುತ್ತಿದ್ದಾಳೆ. ಮಳೆಗಾಲಕ್ಕೆ ಮುಂಚೆ ಒಂದು ಮುಚ್ಚಿದ ಪೇಂಟ್ ಬೂತ್ ಕಟ್ಟಿಸಲು ಕೊಟೇಶನ್ ಕೇಳಿದ್ದಾರೆ, ಅದರ ಖರ್ಚಿನ ಬಗ್ಗೆ ಅಪ್ಪ ಮಗಳ ಜಗಳ ಇನ್ನೂ ಮುಗಿದಿಲ್ಲ.